ಬನಿಯನ್ ಮೇಲಿನ ಇಪ್ಪತ್ಮೂರು

ಧಾರವಾಡದ ಒಂದು ಕಾಲೇಜಿನ ಕ್ರೀಡಾ ದಿನದಂದು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ವೇದಿಕೆಯ ಉಪಚಾರದ ಮಾತುಗಳನ್ನು ಕೈಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಕ್ರೀಡೆ ಮತ್ತು ವ್ಯಕ್ತಿತ್ವ ವಿಕಸನ’ ಅಂತ ಅಚ್ಚಾಗಿದೆ. ಆ ವಿಷಯದ ಮೇಲೆ ಮಾತಾಡಲು ನನಗೆ ಬರುವುದಿಲ್ಲ. ಬರುವವರು ಬೇಕಾದಷ್ಟು ಜನ ಇದ್ದಾರೆ, ಮುಂದಿನ ವರ್ಷ ಅವರನ್ನು ಕರೆಯಿರಿ. ನಾನು ಇವತ್ತು ಹುಬ್ಬಳ್ಳಿಯ ಗದಗ ರೋಡಿನಲ್ಲಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಒಬ್ಬ ಹುಡುಗ ಅಮೆರಿಕದ ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನಿಗೆ ಹೇಗೆ ಮರುಳಾದ ಅನ್ನೋದನ್ನ ಹೇಳುತ್ತೇನೆ. ಹುಡುಗ ನಾನೇ. ಆಟಗಾರ ಮೈಕೆಲ್ ಜೋರ್ಡನ್. ಅದರಿಂದ ನನ್ನ ವ್ಯಕ್ತಿತ್ವ ವಿಕಸನ ಆಯಿತಾ ಅಂತ ಕೇಳಿದರೆ, ನನ್ನ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಆಮೇಲೆ ಅವಳನ್ನೇ ವಿಚಾರಿಸಿ.

ಇದು 1990ರ ದಶಕದ ಮಾತು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ವರ್ಕ್‌ಶಾಪ್ ಬ್ರಿಟಿಷರ ಕಾಲದ್ದು, 1880ರ ದಶಕದಿಂದ ಅಲ್ಲೇ ಇದೆ. ಆದರೆ ನೈಋತ್ಯ ರೈಲ್ವೆ ಅನ್ನುವುದು ಇನ್ನೂ ಹುಟ್ಟಿರಲಿಲ್ಲ. ವಲಯ ಕಚೇರಿ ಹುಬ್ಬಳ್ಳಿಗೆ ಬಂದದ್ದು 2003ರಲ್ಲಿ. ಅಲ್ಲಿವರೆಗೆ ದೊಡ್ಡ ಸಾಹೇಬರೆಲ್ಲ ಸಿಕಂದರಾಬಾದಿನಲ್ಲಿ. ಹುಡುಗರಾದ ನಮಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ರೈಲ್ವೆ ಇದ್ದ ಕಡೆ ಮೈದಾನ ಇರುತ್ತೆ, ಮೈದಾನ ಇದ್ದ ಕಡೆ ಆಟದ ಕೋಟಾದಲ್ಲಿ ನೌಕರಿ ಸಿಕ್ಕ ಒಂದಷ್ಟು ಜನ ಇರುತ್ತಾರೆ. ಅವರು ಸಂಜೆ ಆಡುತ್ತಿದ್ದರು, ಹೊರಗೆ ಹೋದ ಚೆಂಡನ್ನು ನಾವು ಓಡಿ ತಂದುಕೊಡುತ್ತಿದ್ದೆವು. ಅವರು ಹೋದ ಮೇಲೆ ಕತ್ತಲಾಗುವವರೆಗೆ ಕೋರ್ಟ್ ನಮ್ಮದು.

ಕೋರ್ಟ್ ಅಂದರೆ ಅರ್ಧಕ್ಕೆ ಸಿಮೆಂಟು, ಇನ್ನರ್ಧಕ್ಕೆ ಎರೆಮಣ್ಣು. ಧಾರವಾಡದವರಿಗೆ ಇದರ ಸಂಕಟ ತಿಳಿಯಲಿಕ್ಕಿಲ್ಲ. ನಿಮ್ಮದು ಕೆಂಪು ಮಣ್ಣು, ಮಳೆ ಬಂದರೂ ಕಾಲು ಬಿಡುತ್ತದೆ. ಹುಬ್ಬಳ್ಳಿಯ ಎರೆ ಒಮ್ಮೆ ಹಿಡಿಯಿತು ಅಂದರೆ ಬಿಡುವುದಿಲ್ಲ. ಮಣ್ಣಿನ ಬಗ್ಗೆ ಹೇಳುತ್ತಿದ್ದೇನೆ, ಜನರ ಬಗ್ಗೆ ಅಲ್ಲ! ಜೂನ್ ತಿಂಗಳಲ್ಲಿ ಆ ಅರ್ಧದಲ್ಲಿ ಚೆಂಡು ಬಿದ್ದರೆ ಬಿದ್ದಲ್ಲೇ ಕೂತುಬಿಡುತ್ತಿತ್ತು. ಪುಟಿಯೋ ಮಾತೇ ಇಲ್ಲ. ನಮ್ಮದು ಕಾಸ್ಕೋ ರಬ್ಬರ್ ಚೆಂಡು, ಮೇಲಿನ ಗುಳ್ಳೆಗಳೆಲ್ಲ ಸವೆದು ಬೋಳಾಗಿತ್ತು. ಕೆಸರು ಹತ್ತಿತು ಅಂದರೆ ಸಾಬೂನಿನ ಗಡ್ಡೆ ಹಿಡಿದ ಹಾಗೆ ಕೈಯಿಂದ ಜಾರುತ್ತಿತ್ತು.

ದೊಡ್ಡವನಾದ ಮೇಲೆ ಒಂದು ಸಂಗತಿ ಓದಿ ಆ ಕೋರ್ಟಿನ ಮೇಲೆ ಭಾರೀ ಗೌರವ ಬಂತು. ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್‌ಗೆ ಮೊದಲ ಸಲ ಪದಕ ಕೊಟ್ಟದ್ದು 1936ರ ಬರ್ಲಿನ್‌ನಲ್ಲಿ. ಫೈನಲ್ ನಡೆದದ್ದು ಬಯಲಿನಲ್ಲಿ, ಮಣ್ಣಿನ ಅಂಗಳದಲ್ಲಿ, ಸುರಿಯುವ ಮಳೆಯಲ್ಲಿ. ಚೆಂಡು ಪುಟಿಸಲು ಯಾರಿಗೂ ಆಗಲಿಲ್ಲ. ಅಮೆರಿಕ 19, ಕೆನಡಾ 8, ಪಂದ್ಯ ಮುಗಿಯಿತು. ಈ ಆಟ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಆ ಒಲಿಂಪಿಕ್ಸ್‌ಗೆ ಹೋಗಿದ್ದರು. ಪಾಪ, ಆತ 1891ರ ಡಿಸೆಂಬರಿನಲ್ಲಿ ಆಟ ಕಟ್ಟಿದ್ದೇ ಚಳಿಗಾಲದಲ್ಲಿ ಹುಡುಗರು ಹೊರಗೆ ಹೋಗದೆ ಒಳಗೇ ಆಡಲಿ ಅಂತ. ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಬಡಿದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಇವತ್ತಿಗೂ ಜಗತ್ತಿನ ಎಲ್ಲ ರಿಂಗುಗಳು ಹತ್ತು ಅಡಿಗೇ ಇವೆ. ನಮ್ಮದನ್ನು ಬಿಟ್ಟು. ನಮ್ಮದು ದೊಡ್ಡ ಹುಡುಗರು ಜೋತಾಡಿ ಜೋತಾಡಿ ಮುಂದಕ್ಕೆ ಬಾಗಿತ್ತು.

ಈಗ ಜೋರ್ಡನ್ ನಮ್ಮ ಮನೆಗೆ ಹೇಗೆ ಬಂದ ಅಂತ ಹೇಳುತ್ತೇನೆ. ಟಿವಿಯಿಂದಲ್ಲ. ದುರ್ಗದ ಬೈಲಿನ ಹತ್ತಿರದ ಒಂದು ರದ್ದಿ ಅಂಗಡಿಯಿಂದ. ಅಲ್ಲಿ ಹಳೆಯ ಸ್ಪೋರ್ಟ್‌ಸ್ಟಾರ್ ಪತ್ರಿಕೆಗಳು ಬರುತ್ತಿದ್ದವು. ನಡುಪುಟದಲ್ಲಿ ದೊಡ್ಡ ಪೋಸ್ಟರ್ ಇರುತ್ತಿತ್ತು. ಅಜರುದ್ದೀನ್, ಸ್ಟೆಫಿ ಗ್ರಾಫ್, ಮರಡೋನಾ ಇದ್ದ ಸಂಚಿಕೆಗಳನ್ನು ಯಾರಾದರೂ ಮೊದಲೇ ಹರಿದುಕೊಂಡು ಹೋಗಿರುತ್ತಿದ್ದರು. ಇವನನ್ನು ಯಾರೂ ಮುಟ್ಟಿರಲಿಲ್ಲ. ಕೆಂಪು ಅಂಗಿ, ಕೆಂಪು ಚಡ್ಡಿ, ಬಲಗೈಯಲ್ಲಿ ಚೆಂಡು, ಎರಡೂ ಕಾಲು ಅಗಲಿಸಿ ಗಾಳಿಯಲ್ಲಿದ್ದ. ನಾಲಿಗೆ ಹೊರಗೆ. ಹೊಟ್ಟೆಯ ಮೇಲೆ ಸರಿಯಾಗಿ ಪತ್ರಿಕೆಯ ಪಿನ್ ಚುಚ್ಚಿದ ಎರಡು ತೂತು.

ಆ ಚಿತ್ರದಲ್ಲಿ ಒಂದು ವಿಶೇಷ ಇತ್ತು. ಕೆಳಗೆ ನೆಲ ಕಾಣುತ್ತಿರಲಿಲ್ಲ. ಕಾಲಿನ ಕೆಳಗೆ ಸ್ವಲ್ಪ ಕಪ್ಪು, ಅಲ್ಲಿಗೆ ಪುಟ ಮುಗಿದಿತ್ತು. ಹಾಗಾಗಿ ಆತ ಎಷ್ಟು ಎತ್ತರ ಹಾರಿದ್ದಾನೆ ಅಂತ ಲೆಕ್ಕ ಹಾಕಲು ದಾರಿಯೇ ಇರಲಿಲ್ಲ. ಓಣಿಯಲ್ಲಿ ದೊಡ್ಡ ಚರ್ಚೆ ನಡೆಯಿತು. ಒಬ್ಬ ಐದು ಅಡಿ ಅಂದ. ಇನ್ನೊಬ್ಬ, ಅವನ ಮಾವ ಮುಂಬೈಯಲ್ಲಿ ಇದ್ದರು ಅನ್ನುವ ಏಕೈಕ ಅರ್ಹತೆಯ ಮೇಲೆ, ಎಂಟು ಅಡಿ ಅಂತ ತೀರ್ಪು ಕೊಟ್ಟ. ಎಂಟು ಅಡಿ ಅಂತಲೇ ಆಯಿತು. ಎಷ್ಟೋ ವರ್ಷ ನಾವು ಅದನ್ನೇ ನಂಬಿದ್ದೆವು.

ಪೋಸ್ಟರನ್ನು ಕಪಾಟಿನ ಬಾಗಿಲಿಗೆ ಅನ್ನದ ಅಗಳು ಹಚ್ಚಿ ಅಂಟಿಸಿದೆ. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

‘ಇಂವ ಯಾರೋ?’

‘ಆಟಗಾರ ಅಜ್ಜಿ. ಅಮೆರಿಕದಾಂವ.’

‘ನಾಲಿಗಿ ಯಾಕ ಹೊರಗ ಹಾಕ್ಯಾನ? ಮೈಮ್ಯಾಲೆ ದ್ಯಾಮವ್ವ ಬಂದಾಳೇನು?’

ನಾವೆಲ್ಲ ನಕ್ಕೆವು. ಆದರೆ ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಆ ನಾಲಿಗೆಯೇ. ಚೆಂಡು ಹಿಡಿದು ಏರಿ ಬರುವಾಗ ಆತನ ನಾಲಿಗೆ ತಾನಾಗಿ ಹೊರಗೆ ಬರುತ್ತಿತ್ತು. ಅದು ಅಪ್ಪನಿಂದ ಬಂದ ಚಾಳಿ. ಅವರಪ್ಪ ಮನೆಯಲ್ಲಿ ಏನಾದರೂ ರಿಪೇರಿ ಮಾಡುವಾಗ ಹೀಗೇ ನಾಲಿಗೆ ಚಾಚುತ್ತಿದ್ದರಂತೆ. ನಮಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ನಾಲಿಗೆ ಚಾಚಿದರೆ ಜಾಸ್ತಿ ಹಾರಬಹುದು ಅಂತ ನಾವು ತಿಳಿದಿದ್ದೆವು. ಇಡೀ ಓಣಿಯ ಹುಡುಗರು ನಾಲಿಗೆ ಹೊರಗೆ ಹಾಕಿಕೊಂಡು ಓಡುವುದನ್ನು ನೋಡಿ ನಮ್ಮ ಪಿ.ಟಿ. ಮಾಸ್ತರು ಸೀಟಿ ಊದಿ ನಿಲ್ಲಿಸಿದರು. ‘ನಾಲಿಗಿ ಒಳಗ ಹಾಕ್ರಲೇ, ಹಲ್ಲಿನಾಗ ಸಿಕ್ಕು ಹರಕೊಂಡೀರಿ!’ ಮಾಸ್ತರು ಹೇಳಿದ್ದೂ ಸರಿ. ಜೋರ್ಡನ್‌ಗೂ ಅವನ ಕೋಚುಗಳು ಅದನ್ನೇ ಹೇಳಿರಬೇಕು.

ಆಮೇಲೆ ಅಂಕಿಯ ವಿಷಯ. 23.

ನನಗೆ 23 ಅಂತ ಬರೆದ ಅಂಗಿ ಬೇಕಾಗಿತ್ತು. ಆಗ ಹುಬ್ಬಳ್ಳಿಯಲ್ಲಿ ಅಂಥ ಅಂಗಿ ಎಲ್ಲಿ ಸಿಗಬೇಕು? ಪಕ್ಕದ ಮನೆಯ ಕಾಕಾ ವರ್ಕ್‌ಶಾಪಿನಲ್ಲಿ ಗಾಡಿಗಳ ಮೇಲೆ ನಂಬರ್ ಹಾಕುವ ಕೆಲಸದಲ್ಲಿದ್ದರು. ತಗಡಿನ ಅಚ್ಚು ಇಟ್ಟು, ಮೇಲೆ ಬ್ರಷ್ ಆಡಿಸುವುದು. ಅವರ ಹತ್ತಿರ ಹೋಗಿ ನಿಂತೆ.

‘ಇಪ್ಪತ್ಮೂರನ ಯಾಕೋ? ನಿನ್ನ ಹಾಜರಿ ನಂಬರ ಏನು?’

‘ಮೂವತ್ತೊಂದ್ರಿ ಕಾಕಾ.’

‘ಮತ್ತ ಅದನ್ನ ಹಾಕೋತೀನಿ ಅನ್ನು. ಕಳದ್ರ ಸಾಲಿಗೆ ತಂದು ಕೊಡ್ತಾರ.’

ಕಡೆಗೂ ಹಾಕಿಕೊಟ್ಟರು. ಹಳೆಯ ರಟ್ಟಿನಲ್ಲಿ ಬ್ಲೇಡಿನಿಂದ ಎರಡು, ಮೂರು ಕತ್ತರಿಸಿದರು. ಬನಿಯನ್ ಒಳಗೆ ಪೇಪರ್ ಮಡಿಚಿಟ್ಟು ಎಳೆದು ಹಿಡಿಯಲು ನನಗೆ ಹೇಳಿದರು. ತಮ್ಮ ಮನೆ ಬಾಗಿಲಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣವನ್ನು ಬ್ರಷ್ಷಿನ ತುದಿಗೆ ಮಾತ್ರ ತಗೊಂಡು, ಅದನ್ನೂ ಡಬ್ಬಿಯ ಅಂಚಿಗೆ ಒರೆಸಿ, ಬ್ರಷ್ ಎಳೆಯದೆ ಬರೀ ಕುಟ್ಟುತ್ತಾ ಹೋದರು. ಎಳೆದರೆ ಬಣ್ಣ ಅಚ್ಚಿನ ಕೆಳಗೆ ನುಗ್ಗಿ ಅಂಕಿ ಹಾಳಾಗುತ್ತದೆ, ಕುಟ್ಟಿದರೆ ಅಂಚು ಚೊಕ್ಕ ಬರುತ್ತದೆ. ಕೈಕೆಲಸ ಬಲ್ಲವರ ಪಕ್ಕ ನಿಂತು ನೋಡುವ ಸುಖ ಬೇರೆ. ಒಣಗಿದ ಮೇಲೆ ಬನಿಯನ್ ಎಷ್ಟು ಗಡುಸಾಯಿತು ಅಂದರೆ ಬಗ್ಗಿದಾಗಲೆಲ್ಲ ಬೆನ್ನಿನ ಮೇಲೆ ಕರಕರ ಸದ್ದು. ಅಂಕಿಗಳು ಥೇಟ್ ಗೂಡ್ಸ್ ಗಾಡಿಯ ಅಂಕಿಗಳೇ. ಮರುದಿನದಿಂದ ನನಗೆ ‘ಗೂಡ್ಸ್’ ಅಂತ ಹೆಸರು ಬಿತ್ತು. ನಾನು ಚೆಂಡು ಹಿಡಿದು ಓಡಿದರೆ ‘ಗೂಡ್ಸ್ ಬಂತಲೇ, ಗೇಟ್ ಹಾಕ್ರಿ’ ಅಂತ ಕೂಗುತ್ತಿದ್ದರು. ಈಗಲೂ ಇಬ್ಬರು ಗೆಳೆಯರ ಫೋನಿನಲ್ಲಿ ನನ್ನ ಹೆಸರು ಹಾಗೇ ಇದೆ.

ಜೋರ್ಡನ್‌ಗೆ ಆ 23 ಬಂದ ಕಥೆ ನನಗೆ ಬಹಳ ಇಷ್ಟ. ಅವನ ಅಣ್ಣ ಲ್ಯಾರಿ ಶಾಲೆಯಲ್ಲಿ 45 ಹಾಕಿಕೊಂಡು ಆಡುತ್ತಿದ್ದ. ಅಣ್ಣನ ಅರ್ಧದಷ್ಟಾದರೂ ಆಡಿದರೆ ಸಾಕು ಅಂತ ತಮ್ಮ 45ರ ಅರ್ಧ ತಗೊಂಡ. ಅರ್ಧ ಅಂಕಿ ಹಾಕಿಕೊಳ್ಳಲು ಬರುವುದಿಲ್ಲವಲ್ಲ, 23 ಆಯಿತು. 1995ರಲ್ಲಿ ನಿವೃತ್ತಿ ಬಿಟ್ಟು ವಾಪಸ್ ಬಂದಾಗ ಕೆಲವು ವಾರ ಅದೇ 45 ಹಾಕಿಕೊಂಡು ಆಡಿದ್ದೂ ಉಂಟು. 1990ರ ಫೆಬ್ರವರಿಯಲ್ಲಿ ಒರ್ಲಾಂಡೊದಲ್ಲಿ ಪಂದ್ಯಕ್ಕೆ ಮುಂಚೆ ಯಾರೋ ಅವನ ಅಂಗಿಯನ್ನೇ ಕದ್ದರು. ಹೆಸರಿಲ್ಲದ 12ನೇ ನಂಬರಿನ ಅಂಗಿ ಹಾಕಿಕೊಂಡು ಇಳಿದು 49 ಅಂಕ ಹೊಡೆದ. ಇದನ್ನು ನಾನು ಕಾಕಾನಿಗೆ ಹೇಳಿದ್ದರೆ, ‘ನಾ ಅಂದಿದ್ದಿಲ್ಲೇನು, ಹಾಜರಿ ನಂಬರ ಹಾಕೋಬೇಕಾಗಿತ್ತು’ ಅನ್ನುತ್ತಿದ್ದರು.

ಅಂಗಿಯ ಮೇಲೆ ಬರೆಯುವ ವಿದ್ಯೆ ನಮ್ಮ ಕಡೆ ಹೊಸದೇನಲ್ಲ ಬಿಡಿ. ಗದಗಿನ ಕಡೆ ಒಬ್ಬ ಹುಡುಗ ಇದ್ದ. ಬೀದಿಯಲ್ಲಿ ಭಜನೆ, ವಾಲಗ ಹೋದರೆ ಹಿಂದೆ ಹಿಂದೆ ಹೋಗಿಬಿಡುತ್ತಿದ್ದ, ದಣಿದ ಕಡೆ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾಗಿ ಅವರಪ್ಪ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಅಂತ ಬರೆದರು. ಸಿಕ್ಕವರು ಮನೆಗೆ ತಂದು ಬಿಡಲಿ ಅಂತ. ಆ ಹುಡುಗ ಭೀಮಸೇನ ಜೋಶಿ, 1922ರಲ್ಲಿ ರೋಣದಲ್ಲಿ ಹುಟ್ಟಿದವರು. ಅವರು ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ರೆಕಾರ್ಡ್ ಕೇಳಿದರು. ಕೇಳಿದ್ದೇ ತಲೆ ಕೆಟ್ಟಿತು. 11ನೇ ವಯಸ್ಸಿಗೆ ಮನೆ ಬಿಟ್ಟು ಪುಣೆ, ಗ್ವಾಲಿಯರ್, ಜಲಂಧರ ಅಂತ ಉತ್ತರ ಭಾರತವೆಲ್ಲ ಅಲೆದು, ಕೊನೆಗೆ ಗುರು ಸಿಕ್ಕದ್ದು ಇಲ್ಲೇ ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು.

ಈ ಕಥೆಯನ್ನು ಧಾರವಾಡದಲ್ಲಿ ಹೇಳುವುದು ಸ್ವಲ್ಪ ಜಾಸ್ತಿಯೇ ಆಯಿತು, ನಿಮಗೆಲ್ಲ ಬಾಯಿಪಾಠ. ಆದರೂ ಯಾಕೆ ಹೇಳಿದೆ ಅಂದರೆ, ಆ ಹುಡುಗ ರೆಕಾರ್ಡ್ ಕೇಳಿ ‘ಶ್ರದ್ಧೆ, ಶ್ರಮ, ಶಿಸ್ತು’ ಅಂತ ಟಿಪ್ಪಣಿ ಮಾಡಿಕೊಂಡನಾ? ಅವನಿಗೆ ಆ ದನಿ ಬೇಕಾಗಿತ್ತು. ಅಷ್ಟೇ. ಮಕ್ಕಳ ಅಭಿಮಾನ ಇರುವುದೇ ಹಾಗೆ. ಅವರಿಗೆ ಪಾಠ ಬೇಡ, ಆ ದನಿ ಬೇಕು, ಆ ಹಾರು ಬೇಕು. ಪಾಠ ಬೇಕಾಗುವುದು ದೊಡ್ಡವರಾದ ನಮಗೆ. ಮಗು ಏನನ್ನಾದರೂ ಬಾಯಿ ಬಿಟ್ಟು ನೋಡುತ್ತಿದ್ದರೆ ನಮಗೆ ಸುಮ್ನೆ ಇರಲು ಆಗುವುದಿಲ್ಲ. ‘ಅವರಿಂದ ಏನು ಕಲಿತೆ, ಹೇಳು?’ ಅಂತ ಕೇಳಿಬಿಡುತ್ತೇವೆ. ನನ್ನ ಪ್ರಕಾರ ಅದು ಕೇಳಬಾರದ ಪ್ರಶ್ನೆ.

ನಾನು ಏನು ನೋಡುತ್ತಿದ್ದೆ, ಅದನ್ನು ಹೇಳುತ್ತೇನೆ.

ಟಿವಿಗೆ ಕೇಬಲ್ ಬಂದ ಮೇಲೆ ಆತನ ಹಾರಾಟ ಕಣ್ಣಾರೆ ಕಂಡೆವು. 1988ರಲ್ಲಿ ಶಿಕಾಗೊದಲ್ಲಿ ನಡೆದ ಡಂಕ್ ಸ್ಪರ್ಧೆಯ ತುಣುಕನ್ನು ಆಗಾಗ ತೋರಿಸುತ್ತಿದ್ದರು. ಫ್ರೀ ಥ್ರೋ ಗೆರೆಯ ಹತ್ತಿರ ನೆಲ ಬಿಟ್ಟವನು ಸೀದಾ ರಿಂಗಿಗೆ ಬಂದು ಚೆಂಡು ತುರುಕುತ್ತಾನೆ. ಆ ಗೆರೆಗೂ ಹಲಗೆಗೂ ನಡುವೆ 15 ಅಡಿ. ನಾವು ಟೇಪು ತಂದು ಸಿಮೆಂಟಿನ ಮೇಲೆ ಅಳೆದು ಗೆರೆ ಎಳೆದೆವು. ಅಲ್ಲಿಂದ ಹಾರಿದವರೆಲ್ಲ ಆರೇಳು ಅಡಿಗೆ ಬಂದು ಬೀಳುತ್ತಿದ್ದೆವು. ಆದರೆ ಆತ ಬರೀ ದೂರ ಹಾರುತ್ತಿರಲಿಲ್ಲ, ಮೇಲೆ ಹೋಗಿ ಒಂದು ಕ್ಷಣ ನಿಲ್ಲುತ್ತಿದ್ದ. ಹೌದೋ ಅಲ್ವೋ? ನಾವೆಲ್ಲ ನೋಡಿದ್ದೆವು, ನಿಲ್ಲುತ್ತಿದ್ದ.

ನಿಲ್ಲುವುದಿಲ್ಲ. ನಿಲ್ಲಲು ಸಾಧ್ಯವೂ ಇಲ್ಲ. ಇದು ಕಾಲೇಜು ಮುಟ್ಟಿದ ಮೇಲೆ ತಿಳಿಯಿತು. ಒಂದು ಮೀಟರ್ ಎತ್ತರ ಹಾರಿದವನು, ಅವನು ಜೋರ್ಡನ್ ಇರಲಿ ನಮ್ಮ ಪಿ.ಟಿ. ಮಾಸ್ತರು ಇರಲಿ, ಗಾಳಿಯಲ್ಲಿ ಇರುವುದು 0.9 ಸೆಕೆಂಡ್. ಒಂದು ಸೆಕೆಂಡೂ ಇಲ್ಲ. ಆದರೆ ಮೇಲೆ ಹೋಗುತ್ತಾ ಹೋಗುತ್ತಾ ವೇಗ ಕಡಿಮೆಯಾಗುತ್ತದೆ. ಹಾಗಾಗಿ ಹಾರಿದ ಎತ್ತರದ ಮೇಲಿನ ಕಾಲು ಭಾಗದಲ್ಲೇ ಅರ್ಧ ಸಮಯ ಕಳೆದುಹೋಗುತ್ತದೆ. ಒಂದು ಮೀಟರ್ ಹಾರಿದರೆ ಕೊನೆಯ 25 ಸೆಂಟಿಮೀಟರಿನಲ್ಲಿ ಏರುವುದು, ಇಳಿಯುವುದು ಸೇರಿ 0.45 ಸೆಕೆಂಡ್. ಕಣ್ಣಿಗೆ ಅದೇ ನಿಂತಂತೆ ಕಾಣುತ್ತದೆ. ಅದರ ಜೊತೆ ಆತ ಮೇಲೇರುವಾಗ ಕಾಲು ಮಡಿಚುತ್ತಿದ್ದ, ಚೆಂಡನ್ನು ಕೊನೆಯವರೆಗೂ ಬಿಡುತ್ತಿರಲಿಲ್ಲ. ಉಳಿದವರು ಏರುತ್ತಲೇ ಚೆಂಡು ಬಿಟ್ಟಿರುತ್ತಾರೆ, ಇವನು ಇಳಿಯುವಾಗಲೂ ಹಿಡಿದಿರುತ್ತಾನೆ. ಲೆಕ್ಕ ತಿಳಿದ ಮೇಲೆ ಬೆರಗು ಕಡಿಮೆಯಾಗುತ್ತೆ ಅಂತಾರೆ. ನನಗೆ ಜಾಸ್ತಿಯಾಯಿತು. 0.9 ಸೆಕೆಂಡಿನಲ್ಲಿ ಅಷ್ಟೆಲ್ಲ ಮಾಡಿದನಲ್ಲ ಅಂತ.

ಆದರೆ ನೋಡುವುದು ಹೇಗೆ ಅಂತ ನನಗೆ ಕಲಿಸಿದ್ದು ಜೋರ್ಡನ್ ಅಲ್ಲ, ನಮ್ಮ ಕೋರ್ಟಿನ ಒಬ್ಬ ಅಕ್ಕ. ಕಾಲೇಜು ತಂಡಕ್ಕೆ ಆಡುತ್ತಿದ್ದಳು. ಸಂಜೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದಳು, ಯಾಕಂದರೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ನಾನು ಟಿವಿಯಲ್ಲಿ ಕಂಡದ್ದನ್ನೆಲ್ಲ ಕೈಯಿಂದ ಮಾಡಿ ತೋರಿಸುತ್ತಿದ್ದೆ. ಒಂದು ದಿನ ಅವಳಿಗೆ ಸಾಕಾಯಿತು. ‘ನೀ ಬರೇ ಕೈ ನೋಡತಿ. ಕೈ ಎಲ್ಲಾರೂ ನೋಡತಾರ. ಕಾಲು ನೋಡೋ’ ಅಂದಳು. ಖಡು ತಗೊಂಡು ಸಿಮೆಂಟಿನ ಮೇಲೆ ಎರಡು ಸೊನ್ನೆ ಬರೆದಳು. ಮೊದಲನೆಯದರ ಮೇಲೆ ಬಲಗಾಲು, ಎರಡನೆಯದರ ಮೇಲೆ ಎಡಗಾಲು, ಅಲ್ಲಿಂದ ಬಲ ಮೊಣಕಾಲು ಎತ್ತಿ ಮೇಲೆ. ಓಡಿ ಬಂದು, ಹಾರಿ, ಚೆಂಡನ್ನು ರಿಂಗಿಗೆ ಹಾಕುವ ಲೇ ಅಪ್ ಅಂದರೆ ಇಷ್ಟೇ. ಮೊದಲ ಹೆಜ್ಜೆ ಉದ್ದ, ಎರಡನೆಯದು ಗಿಡ್ಡ. ಉದ್ದ ಹೆಜ್ಜೆ ಓಟವನ್ನು ತಗೊಂಡು ಬರುತ್ತದೆ, ಗಿಡ್ಡ ಹೆಜ್ಜೆ ಅದನ್ನು ಮೇಲಕ್ಕೆ ತಿರುಗಿಸುತ್ತದೆ. ನಾನು ಎರಡನ್ನೂ ಒಂದೇ ಅಳತೆಗೆ ಹಾಕುತ್ತಿದ್ದೆ, ಅದಕ್ಕೇ ರಿಂಗಿನ ಕೆಳಗೆ ನುಗ್ಗಿ ಕಂಬಕ್ಕೆ ಬಡಿಯುತ್ತಿದ್ದೆ. ಸಂಜೆಯ ಮಳೆಗೆ ಸೊನ್ನೆ ಅಳಿಸಿಹೋದರೆ ಮರುದಿನ ಮತ್ತೆ ಬರೆಯುತ್ತಿದ್ದಳು.

ಅವತ್ತಿನಿಂದ ಟಿವಿಯಲ್ಲಿ ಬೇರೆಯೇ ಆಟ ಕಾಣತೊಡಗಿತು. ಎಲ್ಲರೂ ಚೆಂಡು ರಿಂಗಿಗೆ ಬೀಳುವುದನ್ನು ನೋಡಿ ಚಪ್ಪಾಳೆ ತಟ್ಟುವಾಗ ನಾನು ಆತನ ಬೂಟು ನೋಡುತ್ತಿದ್ದೆ. ಎಡಗಡೆ ಹೋಗುವ ಮುಂಚೆ ಆತ ಬಲಗಡೆಗೆ ಎಷ್ಟು ನಿಜವಾಗಿ ವಾಲುತ್ತಿದ್ದ ಅಂದರೆ, ಎದುರಿನವನು ಮೋಸ ಹೋದದ್ದರಲ್ಲಿ ತಪ್ಪೇ ಇಲ್ಲ ಅನ್ನಿಸುತ್ತಿತ್ತು. ಆ ಅಕ್ಕನಿಗೆ ಮುಂದೆ ಆಟದ ಕೋಟಾದಲ್ಲೇ ನೌಕರಿ ಸಿಕ್ಕಿತು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು ನೋಡಿ, ಅವತ್ತು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು. ಬರೀ ಕಾಲಿನ ಬಗ್ಗೆ.

ಈಗ ನೀರಿನ ಕಥೆ. ಹುಬ್ಬಳ್ಳಿಯವರು ಇಲ್ಲಿ ಯಾರಾದರೂ ಇದ್ದರೆ ಈಗಲೇ ನಗಬಹುದು.

1998ರ ಜೂನ್ 14ರ ರಾತ್ರಿ, ಸಾಲ್ಟ್ ಲೇಕ್ ಸಿಟಿ. ನಮಗೆ 15ನೇ ತಾರೀಕು, ಸೋಮವಾರ ಬೆಳಗಿನ ಜಾವ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್, ಅದರ ಆರನೇ ಪಂದ್ಯ. ನಾಲ್ಕು ಗೆದ್ದವರಿಗೆ ಪ್ರಶಸ್ತಿ. ಜೋರ್ಡನ್‌ನ ತಂಡ ಶಿಕಾಗೊ ಬುಲ್ಸ್ ಮೂರು ಗೆದ್ದಿತ್ತು, ಯೂಟಾ ಜಾಝ್ ಎರಡು. ನಾನು ಐದಕ್ಕೇ ಎದ್ದು, ಟಿವಿ ದನಿ ಕಡಿಮೆ ಮಾಡಿ, ಚಾದರ ಹೊದ್ದು ಕೂತಿದ್ದೆ. ಶಾಲೆ ಶುರುವಾಗಿತ್ತು, ಆದರೂ ಅವ್ವ ಏನೂ ಅನ್ನಲಿಲ್ಲ. ಪಂದ್ಯ ಉದ್ದಕ್ಕೂ ತೂಗಾಡಿತು. ಕೊನೆಗೆ 42 ಸೆಕೆಂಡ್ ಉಳಿದಾಗ ಸ್ಟಾಕ್ಟನ್ ಮೂರು ಅಂಕದ ಹೊಡೆತ ಹೊಡೆದ. ಯೂಟಾ 86, ಶಿಕಾಗೊ 83.

ಆಗ ನಳಕ್ಕೆ ನೀರು ಬಂತು.

ಹುಬ್ಬಳ್ಳಿಯ ನೀರು ಅಂದರೆ ವಾರಕ್ಕೊಮ್ಮೆ ಬರುವ ಬೀಗರು ಅನ್ನಿ. ಬಂದಾಗ ಎಲ್ಲ ಬಿಟ್ಟು ಏಳಬೇಕು. ಅವ್ವ ಅಡುಗೆಮನೆಯಿಂದ ಕೂಗಿದಳು, ಅಪ್ಪ ಬಚ್ಚಲಿನಿಂದ ಕೂಗಿದರು, ಮೇಲಿನ ಮನೆಯವರು ಮೆಟ್ಟಿಲ ಮೇಲೆ ಕೊಡ ಬಡಿಯುತ್ತಾ ಇಳಿದರು. ನಾನು ಪೈಪು ಹಿಡಿದು ಅಂಗಳದ ಡ್ರಮ್ಮಿನ ಮುಂದೆ ನಿಂತೆ. ಒಳಗಿಂದ ಗದ್ದಲ ಕೇಳುತ್ತಿತ್ತು. ನಾನು ಡ್ರಮ್ಮು ತುಂಬುವುದನ್ನು ನೋಡುತ್ತಾ ನಿಂತಿದ್ದಾಗ ಬಾಸ್ಕೆಟ್‌ಬಾಲ್ ಚರಿತ್ರೆಯ ಅತಿ ಹೆಸರುವಾಸಿ 40 ಸೆಕೆಂಡ್ ನಡೆದುಹೋಯಿತು. ಜೋರ್ಡನ್ ಒಂದು ಲೇ ಅಪ್ ಹಾಕಿದ, 85. ಹಿಂದಿನಿಂದ ಬಂದು ಕಾರ್ಲ್ ಮಲೋನ್‌ನ ಕೈಯಿಂದ ಚೆಂಡು ಕಿತ್ತುಕೊಂಡ. ತಾನೇ ಚೆಂಡು ತಂದ, ಬ್ರಯನ್ ರಸೆಲ್ ಎದುರು ಬಲಗಡೆ ನುಗ್ಗಿ ಗಕ್ಕನೆ ಎಡಕ್ಕೆ ಎಳೆದ, ರಸೆಲ್ ಜಾರಿದ, 5.2 ಸೆಕೆಂಡ್ ಉಳಿದಿರುವಾಗ ಚೆಂಡು ಬಲೆಗೆ. 87-86. ಅವನೊಬ್ಬನದೇ 45 ಅಂಕ. ಬುಲ್ಸ್‌ಗೆ ಅದು ಅವನ ಕೊನೆಯ ಹೊಡೆತ, ಆರನೇ ಪ್ರಶಸ್ತಿ.

ನಾನು ಒಳಗೆ ಬರುವಷ್ಟರಲ್ಲಿ ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದರು. ಅಜ್ಜಿ ಟಿವಿ ಮುಂದೆ ಕೂತಿದ್ದಳು, ಜಪಮಾಲೆ ಕೈಯಲ್ಲಿತ್ತು. ‘ಏನಾತು ಅಜ್ಜಿ?’ ಅಂದೆ. ‘ನಿನ್ನ ನಾಲಿಗ್ಯಾಂವ ಗೆದ್ದ. ಒಬ್ಬಾಂವನ್ನ ಕೆಡವಿ ಗೆದ್ದ’ ಅಂದಳು.

ಆ ‘ಕೆಡವಿ’ ಅನ್ನುವ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಜೋರ್ಡನ್ ಎಡಗೈಯಿಂದ ರಸೆಲ್‌ನನ್ನು ತಳ್ಳಿದನಾ, ರಸೆಲ್ ತಾನೇ ಜಾರಿದನಾ ಅಂತ ಇವತ್ತಿಗೂ ಜಗಳ. ನಾನು ಮುಂದೆ ವಿದ್ಯಾನಗರದ ಸೈಬರ್ ಕೆಫೆಯಲ್ಲಿ ಆ ತುಣುಕು ಹಾಕಿ ಹಾಕಿ ನೋಡಿದ್ದೇನೆ. ಕೈ ತಾಗಿದೆ. ಆದರೆ ರಸೆಲ್‌ನ ಕಾಲು ನೋಡಿದರೆ ಅವನ ತೂಕ ಆಗಲೇ ತಪ್ಪು ಕಡೆಗೆ ಹೋಗಿಬಿಟ್ಟಿತ್ತು. ನಾನಂತೂ ಅದು ತಳ್ಳಿದ್ದಲ್ಲ ಅಂತಲೇ ಹೇಳುತ್ತೇನೆ. ಅಜ್ಜಿ ಒಪ್ಪಲಿಲ್ಲ. ಅಜ್ಜಿ ನೇರಪ್ರಸಾರ ನೋಡಿದವಳು, ನಾನು ಡ್ರಮ್ಮು ನೋಡಿದವನು. ಹೀಗಾಗಿ ನನ್ನ ಮಾತು ಮನೆಯಲ್ಲಿ ನಡೆಯಲೇ ಇಲ್ಲ.

ನಾನು ಮೈಕಿಗೆ ಬರುವ ಮುಂಚೆ ನಿಮ್ಮ ಸ್ವಾಗತ ಭಾಷಣದಲ್ಲಿ ಒಂದು ಮಾತು ಬಂತು. ಜೋರ್ಡನ್‌ನನ್ನು ಶಾಲೆಯ ತಂಡದಿಂದ ಹೊರಗೆ ಹಾಕಿದ್ದರು, ಆತ ಛಲ ಬಿಡದೆ ಜಗತ್ತನ್ನೇ ಗೆದ್ದ ಅಂತ. ಭಾಷಣ ಮಾಡಿದ ವಿದ್ಯಾರ್ಥಿ ಚೆನ್ನಾಗಿ ಹೇಳಿದಳು, ಅವಳ ಮೇಲೆ ನನ್ನ ತಕರಾರಿಲ್ಲ. ತಕರಾರು ಆ ಕಥೆಯ ಮೇಲೆ. ನಡೆದದ್ದು ಇಷ್ಟು. 1978, ನಾರ್ತ್ ಕರೊಲಿನಾದ ವಿಲ್ಮಿಂಗ್ಟನ್. ಲೇನಿ ಹೈಸ್ಕೂಲಿನಲ್ಲಿ ಎರಡು ತಂಡ, ಹಿರಿಯರದ್ದು ಮತ್ತು ಕಿರಿಯರದ್ದು. ಹಿರಿಯರ ತಂಡಕ್ಕೆ ಎತ್ತರದ ಹುಡುಗ ಬೇಕಾಗಿತ್ತು. ಜೋರ್ಡನ್‌ನ ಗೆಳೆಯ ಲೆರಾಯ್ ಸ್ಮಿತ್ ಆರು ಅಡಿ ಏಳು ಇಂಚು, ಅವನನ್ನು ತಗೊಂಡರು. ಜೋರ್ಡನ್ ಆಗ ಆರು ಅಡಿಯೂ ಇರಲಿಲ್ಲ, ಕಿರಿಯರ ತಂಡಕ್ಕೆ ಹಾಕಿದರು. ಅವನ ವಯಸ್ಸಿನ ಹೆಚ್ಚಿನ ಹುಡುಗರಿಗೆ ಆಗುವುದೇ ಅದು. ಮನೆಗೆ ಹೋಗಿ ಅತ್ತದ್ದು ನಿಜ. ಹೊರಗೆ ಹಾಕಿದ್ದು ನಿಜ ಅಲ್ಲ. ಆ ಕೋಚ್ ತಪ್ಪೇನೂ ಮಾಡಲಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಹಾಗೆ ಹೇಳಿದರೆ ಸಭೆಯಲ್ಲಿ ಚಪ್ಪಾಳೆ ಬೀಳುವುದಿಲ್ಲ, ಅಲ್ವಾ?

ಪಾಠಕ್ಕೋಸ್ಕರ ಹೀರೋನನ್ನು ಹೀಗೆ ಕೆತ್ತಿ ಕೆತ್ತಿ ಚೊಕ್ಕ ಮಾಡುತ್ತೇವೆ. ಕೆತ್ತಿದಾಗ ಬಿದ್ದುಹೋಗುವ ಚೂರುಗಳೇ ನನಗೆ ಇಷ್ಟ. ಆತ ಜೂಜಿನಲ್ಲಿ ದುಡ್ಡು ಕಳೆದ. ಜೊತೆಯವರನ್ನು ಬೈದು ಅಳಿಸಿದ. 1995ರಲ್ಲಿ ಅಭ್ಯಾಸದ ವೇಳೆ ತನ್ನದೇ ತಂಡದ ಸ್ಟೀವ್ ಕೆರ್ ಮುಖಕ್ಕೆ ಗುದ್ದಿದ. 1993ರಲ್ಲಿ ಅಪ್ಪನ ಕೊಲೆಯಾದ ಮೇಲೆ ಆಟವನ್ನೇ ಬಿಟ್ಟು, ಅಪ್ಪನಿಗೆ ಇಷ್ಟವಾಗಿದ್ದ ಬೇಸ್‌ಬಾಲ್ ಆಡಲು ಸಣ್ಣ ಲೀಗಿಗೆ ಹೋದ. ಅಲ್ಲಿ ಸಾಧಾರಣ ಆಟಗಾರನಾಗಿ ಬಸ್ಸಿನಲ್ಲಿ ಊರೂರು ತಿರುಗಿದ. ಇದರಲ್ಲಿ ಮಕ್ಕಳಿಗೆ ಹೇಳುವಂಥ ಪಾಠ ಯಾವುದು? ನನಗಂತೂ ಗೊತ್ತಿಲ್ಲ. 1997ರ ಫೈನಲ್‌ನ ಕೊನೆಯ ಪಂದ್ಯದಲ್ಲಿ, ಐದಾರು ಸೆಕೆಂಡ್ ಉಳಿದಾಗ ಇಬ್ಬರು ಮೈಮೇಲೆ ಬಿದ್ದರು. ಆತ ಚೆಂಡು ಕೊಟ್ಟದ್ದು ಅದೇ ಸ್ಟೀವ್ ಕೆರ್‌ಗೆ. ಕೆರ್ ಹಾಕಿದ, ಬುಲ್ಸ್ ಗೆದ್ದಿತು. ಆ ಪಾಸು ನನಗೆ ಅವನ ನೂರು ಡಂಕುಗಳಿಗಿಂತ ಹೆಚ್ಚು ನೆನಪಿದೆ. ಅದಕ್ಕೂ ಮುಂಚೆ ಆತ ಕಣ್ಣೆತ್ತಿ ಕೆರ್ ಎಲ್ಲಿದ್ದಾನೆ ಅಂತ ಹುಡುಕಲೇ ಇಲ್ಲ, ಕೈ ತಾನಾಗಿ ಹೋಯಿತು.

ನಮ್ಮ ಗದಗಿನ ಕಾಕಾ ಒಬ್ಬರಿಗೆ ನನ್ನ ಮೇಲೆ ಸಿಟ್ಟಿತ್ತು. 1999ರ ಸೆಪ್ಟೆಂಬರಿನಲ್ಲಿ ಗದಗಿನ ಸುನಿಲ್ ಜೋಶಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್ ಮಾಡಿದಾಗ ಮನೆಗೆ ಪೇಡೆ ತಂದರು. ‘ಇಂವ ಹುಡುಗಿದ್ದಾಗ ಮುಂಜಾನೆ ಗದಗಿನಿಂದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ತಿರುಗಿ ಸಾಲಿಗೆ ಹೋಗತಿದ್ದ. ನೀ ಯಾವನೋ ಅಮೆರಿಕದಾವನ್ನ ಕಪಾಟಿಗೆ ಹಚ್ಚೀದಿ’ ಅಂದರು. ಪೇಡೆ ತಿಂದೆ. ಸುನಿಲ್ ಜೋಶಿಯವರ ಚಿತ್ರವನ್ನೂ ಹಚ್ಚಿದೆ. ಜಾಗಕ್ಕೇನು ಕಮ್ಮಿ, ಕಪಾಟಿಗೆ ಎರಡು ಬಾಗಿಲು.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ ಅಂದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಎತ್ತರದ ಹುಡುಗ, ಬೆಳಗಿನ ಪಂದ್ಯದಲ್ಲಿ ಆಡಿದ ಬೆವರು ಇನ್ನೂ ಅಂಗಿಯ ಮೇಲೆ. ‘ಸರ್, ಜೋರ್ಡನ್ ದೊಡ್ಡಾಂವೋ, ಲೆಬ್ರಾನ್ ದೊಡ್ಡಾಂವೋ?’

ಲೆಬ್ರಾನ್ ಜೇಮ್ಸ್ ಅಂದರೆ ಜೋರ್ಡನ್ ನಂತರದ ಕಾಲದ ಎನ್‌ಬಿಎ ತಾರೆ. ಇದು ಬರುತ್ತೆ ಅಂತ ಗೊತ್ತಿತ್ತು. ಜೋರ್ಡನ್ ಅಂದೆ.

‘ಲೆಬ್ರಾನ್ 2023ರಾಗ ಕರೀಂ ಅಬ್ದುಲ್ ಜಬ್ಬಾರಂದು 38,387 ಪಾಯಿಂಟಿನ ರೆಕಾರ್ಡ್ ಮುರದಾನ್ರಿ. ಜೋರ್ಡನ್ದು 32,292 ಅಷ್ಟ.’

ಜೋರ್ಡನ್ ಆರು ಫೈನಲ್ ಹೋದ, ಆರೂ ಗೆದ್ದ ಅಂದೆ.

‘ಲೆಬ್ರಾನ್ ಹತ್ತು ಫೈನಲ್ ಹೋಗ್ಯಾನ್ರಿ. ಫೈನಲ್‌ಕಿಂತ ಮೊದಲ ಸೋಲೋದು ಚಲೋನೋ, ಫೈನಲ್‌ದಾಗ ಸೋಲೋದು ಚಲೋನೋ?’

ಸಭೆ ಹೋ ಅಂತು. ಒಳ್ಳೆಯ ವಾದ, ಒಪ್ಪಬೇಕಾದದ್ದೇ. ನಾನು ಒಪ್ಪಲಿಲ್ಲ. ಲೆಬ್ರಾನ್‌ನ ಕಾಲು ನೋಡಿದ್ದೀಯಾ ಅಂತ ಕೇಳಿದೆ. ‘ನೋಡೇನ್ರಿ. ನೀವು ನೋಡೀರೇನು?’ ಅಂದ. ಪ್ರಾಂಶುಪಾಲರು ಗಡಿಯಾರ ನೋಡಿಕೊಂಡು ಮೈಕಿನತ್ತ ಬಂದರು. ಹುಡುಗ ಚಹಾದ ಹೊತ್ತಿಗೆ ಮೊಬೈಲ್ ತಗೊಂಡು ನನ್ನ ಹತ್ತಿರ ಬಂದು, ಕುರ್ಚಿ ಎಳೆದುಕೊಂಡು ಕೂತು, ಲೆಬ್ರಾನ್‌ನ ಒಂದೊಂದೇ ತುಣುಕು ಹಾಕಿ ತೋರಿಸತೊಡಗಿದ.